ಮನೆತನದ ಕಂಪನಿಯ ಷೇರು ಕೊಳ್ಳುವ ಮುನ್ನ: ಲಾಭದ ಅಂಕಿ ಆಮೇಲೆ ನೋಡಿ

2009ರ ಜನವರಿ 7ರ ಬೆಳಗ್ಗೆ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಷೇರು 179 ರೂಪಾಯಿ ಆಸುಪಾಸಿನಲ್ಲಿತ್ತು. ಸಂಜೆಗೆ ಸುಮಾರು 40. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ನಗದು-ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡಿದ್ದರು.

ಮೂರು ವಾರ ಮೊದಲೇ ವಾಸನೆ ಬಡಿದಿತ್ತು. ಜಮೀನು, ಕಾಮಗಾರಿ ವ್ಯವಹಾರದ, ರಾಜು ಕುಟುಂಬದ ಎರಡು ಮೇಟಾಸ್ ಕಂಪನಿಗಳಲ್ಲಿ ಒಂದನ್ನು ಇಡಿಯಾಗಿ, ಇನ್ನೊಂದರಲ್ಲಿ ಶೇ. 51 ಪಾಲನ್ನು, ಒಟ್ಟು 160 ಕೋಟಿ ಡಾಲರಿಗೆ ಕೊಳ್ಳಲು ಆಡಳಿತ ಮಂಡಳಿ ತಲೆಯಾಡಿಸಿತ್ತು. (ಸತ್ಯಂ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಮೇಟಾಸ್!) ಸಾಫ್ಟ್‌ವೇರಿನವರಿಗೆ ಜಮೀನು, ಕಾಮಗಾರಿ ಯಾಕೆ ಎಂದು ಹೂಡಿಕೆದಾರರು ಹರಿಹಾಯ್ದ ಮೇಲೆ ಗಂಟೆಗಳಲ್ಲೇ ಕೈಬಿಟ್ಟರು. ಇಲ್ಲದ ದುಡ್ಡಿನ ಜಾಗದಲ್ಲಿ ಇರುವ ಆಸ್ತಿ ಕೂರಿಸುವ ಕೊನೆಯ ಯತ್ನ ಅದು.

ಹಾಗಾಗಿ ವಾರ್ಷಿಕ ವರದಿಯನ್ನು ಹಿಂದಿನಿಂದ ಓದಿ. ಟಿಪ್ಪಣಿಗಳಲ್ಲಿ ‘ರಿಲೇಟೆಡ್ ಪಾರ್ಟಿ’, ಅಂದರೆ ನಂಟಿನವರ ಜತೆಗಿನ ವ್ಯವಹಾರಗಳ ಪಟ್ಟಿ ಇರುತ್ತದೆ. ಪ್ರವರ್ತಕರ (ಕಂಪನಿಯ ಹಿಡಿತ ಇಟ್ಟುಕೊಂಡ ಮಾಲೀಕರ) ಮಗ, ಅಳಿಯ, ತಮ್ಮನ ಕಂಪನಿಗಳಿಗೆ ಸಾಲ, ಮುಂಗಡ, ಬಾಡಿಗೆ ಎಂದು ಹೋಗಿರುವ ಮೊತ್ತ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅಲ್ಲೇ ನಿಲ್ಲಿ.

ಆಮೇಲೆ ನಗದು. 1,000 ಕೋಟಿ ಠೇವಣಿ ಇದೆ ಅನ್ನುವವರಿಗೆ ಶೇ. 6ರಂತೆ 60 ಕೋಟಿ ಬಡ್ಡಿ ಬರಬೇಕು. 15 ಕೋಟಿ ಕಂಡರೆ ಉಳಿದದ್ದೆಲ್ಲಿ? ಬಡ್ಡಿ ಸರಿಯಾಗಿದೆ ಎಂದು ನೆಮ್ಮದಿಯಾಗಲೂ ಬೇಡಿ. ಸತ್ಯಂನಲ್ಲಿ ಬಡ್ಡಿಯನ್ನೂ ಬರೆದಿದ್ದರು, ‘ಬರಬೇಕಾದದ್ದು’ ಎಂದು 376 ಕೋಟಿ, ಅದೂ ಸುಳ್ಳು. ಬ್ಯಾಂಕಿನ ದೃಢೀಕರಣವನ್ನು ಲೆಕ್ಕಪರಿಶೋಧಕರು ನೇರವಾಗಿ ತರಿಸಿಕೊಳ್ಳದೆ ಕಂಪನಿಯವರ ಕೈಗೇ ಬಿಟ್ಟದ್ದರಿಂದ ಇದೆಲ್ಲ ದಕ್ಕಿತು. ಕೈಗೆ ಬಂದ ಬಡ್ಡಿ ಎಷ್ಟೆಂದು ನಗದು ಹರಿವಿನ ಪಟ್ಟಿಯಲ್ಲಿ ನೋಡಿ.

ಮೂರನೆಯದು ಅಡವು, ಅಂದರೆ ಪ್ರವರ್ತಕರು ತಮ್ಮ ಷೇರುಗಳನ್ನೇ ಒತ್ತೆಯಿಟ್ಟು ಸಾಲ ತೆಗೆಯುವುದು. ಸತ್ಯಂ ಪ್ರವರ್ತಕರ ಪಾಲು 2001ರಲ್ಲಿ ಶೇ. 25ರ ಮೇಲಿತ್ತು, 2008ರ ಮಾರ್ಚ್‌ಗೆ ಶೇ. 9ಕ್ಕೂ ಕೆಳಗೆ, ಉಳಿದದ್ದನ್ನೂ ಅಡವಿಟ್ಟಿದ್ದರು, ಬೆಲೆ ಕುಸಿದಾಗ ಸಾಲ ಕೊಟ್ಟವರು ಮಾರಿಬಿಟ್ಟರು. ಆಗ ಅಡವು ಬಹಿರಂಗಪಡಿಸುವ ನಿಯಮವೇ ಇರಲಿಲ್ಲ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದನ್ನು ತಂದದ್ದು ಈ ಹಗರಣದ ಬೆನ್ನಿಗೆ. ಈಗ ಅಡವಿನ ಲೆಕ್ಕ ಬಿಎಸ್‌ಇ (ಮುಂಬೈ ಷೇರು ವಿನಿಮಯ ಕೇಂದ್ರ) ಜಾಲತಾಣದ ಷೇರುದಾರಿಕೆ ವಿವರದಲ್ಲಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಸಿಗುತ್ತದೆ. ಒಂದು ಸಲ ನೋಡಿದರೆ ಸಾಲದು, ನಾಲ್ಕಾರು ತ್ರೈಮಾಸಿಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಈಗಾಗಲೇ ಷೇರು ಇಟ್ಟುಕೊಂಡಿರುವವರು ಇ-ವೋಟಿಂಗ್ ಇಮೇಲ್ ಅಳಿಸಬೇಡಿ. ಕುಟುಂಬದ ಕಂಪನಿ ಜತೆಗಿನ ದೊಡ್ಡ ವ್ಯವಹಾರಕ್ಕೆ ಷೇರುದಾರರ ಒಪ್ಪಿಗೆ ಬೇಕು. ಆ ಮತದಲ್ಲಿ ಪ್ರವರ್ತಕರು ‘ಹೌದು’ ಒತ್ತುವಂತಿಲ್ಲ.