ಹಳೆಯ ಅಮೆರಿಕನ್ ಕಾಯಿಲ್ ಸ್ಟ್ಯಾಂಪ್ ಕೊಳ್ಳುವ ಮುಂಚೆ ಅಂಚು ನೋಡಿ

ವಾಷಿಂಗ್ಟನ್ ತಲೆಯ ಹಳೆಯ ಕಾಯಿಲ್ ಸ್ಟ್ಯಾಂಪುಗಳನ್ನು ಆನ್‌ಲೈನಿನಲ್ಲಿ ಹುಡುಕುತ್ತಿದ್ದೀರಾ? ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಕಳಿಸಿ. 1909ರ 2 ಸೆಂಟ್ ಕಾಯಿಲ್, ಸ್ಕಾಟ್ ಕ್ಯಾಟಲಾಗಿನ (ಸ್ಟ್ಯಾಂಪುಗಳಿಗೆ ನಂಬರ್ ಕೊಡುವ ಪಟ್ಟಿ) ನಂಬರ್ 353 ಅಂತ ಹೇಳಿ ಒಬ್ಬ ಮಾರಾಟಗಾರ ನನಗೆ ಕಳಿಸಿದ್ದು ಕಾಯಿಲ್ಲೇ ಅಲ್ಲ. ಹಾಳೆಯಲ್ಲಿ ಬರುವ ಮಾಮೂಲಿ ಶೀಟ್ ಸ್ಟ್ಯಾಂಪಿನ ಅಂಚಿನ ಹಲ್ಲು ಕತ್ತರಿಸಿ ಕಾಯಿಲ್ ಮಾಡಿದ ಮಾಲು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಯಿಲ್ ಅಂದರೆ ಮಾರಾಟದ ಯಂತ್ರಗಳಿಗೆ, ಅಂಟಿಸುವ ಯಂತ್ರಗಳಿಗೆ ಅಂತ ಸುರುಳಿಯಾಗಿ ಬರುತ್ತಿದ್ದ ಸ್ಟ್ಯಾಂಪು. ಅದಕ್ಕೆ ಎದುರುಬದುರಿನ ಎರಡು ಕಡೆ ಮಾತ್ರ ತೂತಿನ ಸಾಲು, ಉಳಿದೆರಡು ಕಡೆ ನೇರ ಅಂಚು. ಮೋಸ ಇಲ್ಲೇ ಹುಟ್ಟುತ್ತದೆ. 2 ಸೆಂಟಿನ ಶೀಟ್ ಸ್ಟ್ಯಾಂಪು, ಅಂದರೆ ಸ್ಕಾಟ್ ನಂಬರ್ 332, ಎಲ್ಲಿ ಬೇಕಾದರೂ ಸಿಗುತ್ತದೆ, ಬೆಲೆ ಏನೂ ಇಲ್ಲ. ಆ ಕಾಲದಲ್ಲಿ ಒಂದು ಪ್ಲೇಟಿನಲ್ಲಿ 400 ಸ್ಟ್ಯಾಂಪು ಅಚ್ಚಾಗಿ, ಆಮೇಲೆ 100ರ ನಾಲ್ಕು ಭಾಗ ಮಾಡುತ್ತಿದ್ದರು. ಆ ಮಧ್ಯದ ಕತ್ತರಿ ಗೆರೆಗೆ ತಾಗಿದ ಸ್ಟ್ಯಾಂಪುಗಳಿಗೆ ಒಂದು ಕಡೆ ತೂತೇ ಇರುವುದಿಲ್ಲ. ಅಂಥದ್ದು ಸಿಕ್ಕರೆ ಎದುರಿನ ಒಂದೇ ಒಂದು ಕಡೆ ಬ್ಲೇಡು ಎಳೆದರೆ ಮುಗೀತು, ಕಾಯಿಲ್ ರೆಡಿ!

ನನಗೆ ಬಂದಿದ್ದೂ ಹಾಗೇ ಆದದ್ದು. ಮೇಲಂಚು ಅಚ್ಚುಕಟ್ಟಾಗಿ ನೇರವಾಗಿತ್ತು. ಕೆಳಗಿನ ಅಂಚನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ, ಎಡಮೂಲೆಯ ಹತ್ತಿರ ಎರಡು ಸಣ್ಣ ಕುಳಿ. ಹಳೆಯ ತೂತಿನ ತಳ ಅದು, ಬ್ಲೇಡು ಅಷ್ಟು ಒಳಗೆ ಹೋಗಿರಲಿಲ್ಲ. ಎರಡು ಅಂಚೂ ಸಮಾನಾಂತರವಾಗಿರಲಿಲ್ಲ, ಬಲಗಡೆ ಕೂದಲೆಳೆಯಷ್ಟು ಎತ್ತರ ಜಾಸ್ತಿ. ನನ್ನ ಹತ್ತಿರ ಇದ್ದ ಅಸಲಿ ಕಾಯಿಲ್ ಮೇಲೆ ಇಟ್ಟು ನೋಡಿದೆ. ಇದು ಗಿಡ್ಡ. ಹಲ್ಲು ಪೂರ್ತಿ ಹೋಗಬೇಕಾದರೆ ತೂತಿನ ಒಳಗಡೆಯಿಂದ ಕತ್ತರಿಸಬೇಕು, ಹಾಗಾಗಿ ಎತ್ತರ ಕಡಿಮೆಯಾಗಲೇಬೇಕು ಅಲ್ವಾ?

ಫೋಟೋ ಕಳಿಸಿ ಕೇಳಿದ್ದಕ್ಕೆ ಬಂದ ಉತ್ತರ, 'ಕ್ಯಾಟಲಾಗಿನ ಚಿತ್ರಕ್ಕೆ ಹೊಂದುತ್ತದೆ, ವಾಪಸ್ ಇಲ್ಲ.' ಚಿತ್ರ ಹೊಂದದೆ ಇನ್ನೇನು, ಎರಡಕ್ಕೂ ವಿನ್ಯಾಸ ಒಂದೇ! ಜಾಹೀರಾತಿನ ಫೋಟೋದಲ್ಲಿ ಅಂಚು ಕಾಣದ ಹಾಗೆ ಫೋಟೋವನ್ನೇ ಕ್ರಾಪ್ ಮಾಡಿದ್ದ. ಹಾಗಿರುವ ಫೋಟೋ ಕಂಡರೆ ಕಪ್ಪು ಹಿನ್ನೆಲೆಯಲ್ಲಿ ನಾಲ್ಕೂ ಅಂಚು ತೋರಿಸಿ ಅನ್ನಿ. ತೋರಿಸದಿದ್ದರೆ ಬಿಟ್ಟುಬಿಡಿ.

ಇನ್ನೊಂದು ದಾರಿ ಇದಕ್ಕೆ ಉಲ್ಟಾ. ಯಂತ್ರ ಕಂಪನಿಗಳಿಗೆ ಅಂತ ಅಂಚೆಯವರು ತೂತಿಲ್ಲದ ಶೀಟುಗಳನ್ನೂ ಮಾರುತ್ತಿದ್ದರು. ಅಂಥ ಸ್ಟ್ಯಾಂಪಿಗೆ ಈಗ ಯಾರೋ ಕೂತು ಎರಡು ಕಡೆ ತೂತು ಹೊಡೆಯುತ್ತಾರೆ. ಇದರಲ್ಲಿ ಎತ್ತರ ಸರಿಯಾಗೇ ಇರುತ್ತದೆ, ಅದಕ್ಕೇ ಇದು ಹೆಚ್ಚು ಅಪಾಯ. ತೂತಿನ ಸಾಲು ನೇರವಾಗಿದೆಯಾ, ತೂತು ಅಳೆಯುವ ಗೇಜಿನಲ್ಲಿ 12ಕ್ಕೆ (ಎರಡು ಸೆಂಟಿಮೀಟರಿಗೆ 12 ತೂತು) ಸರಿಯಾಗಿ ಕೂರುತ್ತದಾ ನೋಡಿ.

1914ರಿಂದ ರೋಟರಿ ಪ್ರೆಸ್ಸಿನಲ್ಲಿ ಬಂದ ಕಾಯಿಲ್‌ಗಳಲ್ಲಿ ನಮಗೆ ಸ್ವಲ್ಪ ಅನುಕೂಲ ಇದೆ. ಸಿಲಿಂಡರಿಗೆ ಹೊಂದಲಿ ಅಂತ ಪ್ಲೇಟನ್ನು ಬಾಗಿಸಿದಾಗ ಚಿತ್ರ ಹಿಗ್ಗುತ್ತದೆ. ಅಕ್ಕಪಕ್ಕದಲ್ಲಿ ತೂತಿರುವ ಕಾಯಿಲ್‌ನಲ್ಲಿ ಚಿತ್ರದ ಅಗಲ 19.5ರಿಂದ 20 ಮಿಲಿಮೀಟರ್. ಚಪ್ಪಟೆ ಪ್ಲೇಟಿನದ್ದು 18.5ರಿಂದ 19. ಕತ್ತರಿ ಹಾಕಿ ಚಿತ್ರವನ್ನು ಅಗಲ ಮಾಡಲು ಯಾರಿಗೂ ಆಗುವುದಿಲ್ಲ. ಆದರೆ ಎರಡು ಪ್ಲೇಟು ಸೇರುವ ಸಂದಿಯಿಂದ ಬೀಳುವ ಗೆರೆ ಇರುವ ಜೋಡಿಗೆ ಬೆಲೆ ಜಾಸ್ತಿ ಅಂತ, ಆ ಗೆರೆಯನ್ನೇ ಪೆನ್ನಿನಲ್ಲಿ ಎಳೆದು ಮಾರುವವರೂ ಇದ್ದಾರೆ.

ಬೆಲೆಬಾಳುವ ಸ್ಟ್ಯಾಂಪಾದರೆ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಷನ್ ಅಥವಾ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯ ಸರ್ಟಿಫಿಕೇಟ್ ಕೇಳಿ. ಸರ್ಟಿಫಿಕೇಟಿನ ಫೋಟೋದಲ್ಲಿರುವುದೂ ಕೈಯಲ್ಲಿರುವುದೂ ಒಂದೇನಾ ಅಂತ ಹಲ್ಲುಹಲ್ಲು ಹೋಲಿಸಿ.

ಈಗ ಅದೇ ಮಾರಾಟಗಾರ ಸರ್ಟಿಫಿಕೇಟ್ ಇಲ್ಲದ 'ಆರೆಂಜ್‌ಬರ್ಗ್ ಕಾಯಿಲ್' ಒಂದನ್ನು ಅಗ್ಗಕ್ಕೆ ಹಾಕಿದ್ದಾನೆ. 1911ರ ಆ 3 ಸೆಂಟ್ ಸ್ಟ್ಯಾಂಪು ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್‌ನ ಒಂದು ಔಷಧ ಕಂಪನಿ ಡಾಕ್ಟರುಗಳಿಗೆ ಸ್ಯಾಂಪಲ್ ಕಳಿಸಲು ಬಳಸಿದ್ದು, ಅಮೆರಿಕದ ಕಾಯಿಲ್‌ಗಳಲ್ಲೇ ತೀರಾ ಅಪರೂಪದ್ದು. 376ನೇ ನಂಬರಿನ ಶೀಟ್ ಸ್ಟ್ಯಾಂಪು ಕತ್ತರಿಸಿದರೆ ಥೇಟ್ ಹಾಗೇ ಕಾಣುತ್ತದೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.