‘ಐಸಿಯು ಆಂಬುಲೆನ್ಸ್’ ಎಂಬ ಬರಹ ನೋಡಿ ಹತ್ತಬೇಡಿ, ಮೊದಲು ಒಳಗೆ ಇಣುಕಿ

ನೆತ್ತಿಯ ಮೇಲೆ ದೀಪ, ಕಿವಿ ಹರಿಯುವ ಸೈರನ್, ಎರಡೂ ಬದಿಗೆ ‘ಐಸಿಯು’ ಎಂಬ ದೊಡ್ಡ ಅಕ್ಷರ. ಒಳಗೆ ಏನೂ ಇಲ್ಲ. ಏನೂ ಇಲ್ಲ ಎಂದರೆ ಏನೂ ಇಲ್ಲ!

ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ಹುಲ್ಲು ಕೊಯ್ಯುವಾಗ ಚಿಕ್ಕಪ್ಪನಿಗೆ ನಾಗರಹಾವು ಕಚ್ಚಿತು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಷಕ್ಕೆ ಮದ್ದು ಇತ್ತು, ಒಂದು ಪೈಸೆ ಕೇಳದೆ ಕೊಟ್ಟರು. ಅಲ್ಲಿನ ಡಾಕ್ಟರ್ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಅಷ್ಟರಲ್ಲಿ ರೆಪ್ಪೆ ಜೋತುಬಿದ್ದು ಮಾತು ತೊದಲುತ್ತಿತ್ತು. ನಾಗರನ ವಿಷ ಉಸಿರಾಡುವ ಸ್ನಾಯುಗಳನ್ನೇ ಸೋಲಿಸುತ್ತದೆ. ವೆಂಟಿಲೇಟರ್ ಬೇಕಾಗುತ್ತದೆ, ಮೈಸೂರಿಗೆ ಒಯ್ಯಿರಿ, ದಾರಿಯಲ್ಲಿ ಅಂಬು ಬ್ಯಾಗ್ ಒತ್ತಿ ಉಸಿರು ಕೊಡಬಲ್ಲವರು ಜೊತೆಗಿರಲೇಬೇಕು ಎಂದು ಡಾಕ್ಟರ್ ಎರಡೆರಡು ಸಲ ಹೇಳಿದರು. ನರ್ಸ್ 108ಕ್ಕೆ ಫೋನ್ ಮಾಡಿ ಆಗಿತ್ತು.

ಗೇಟಿನ ಬಳಿ ಕಾಯುವ ಖಾಸಗಿ ಆಂಬುಲೆನ್ಸಿನವನು ವಾರ್ಡಿಗೇ ಬಂದ. “108 ಬೇರೆ ಕೇಸಿಗೆ ಹೋಗಿದೆ ಸಾರ್, ಅದು ಬರುವಷ್ಟರಲ್ಲಿ ನಿಮ್ಮವರು ಉಳಿಯುವುದಿಲ್ಲ. ನಮ್ಮಲ್ಲಿ ಆಕ್ಸಿಜನ್ ಇದೆ, ಸ್ಟಾಫ್ ಇದ್ದಾರೆ.” ₹3,500 ಎಂದ. ಚಿಕ್ಕಮ್ಮ ಗೋಳಾಡುತ್ತಿದ್ದರು. ಹೊರಟೆವು.

ಹೆದ್ದಾರಿ ಸೇರುತ್ತಿದ್ದಂತೆ ಚಿಕ್ಕಪ್ಪನಿಗೆ ಏದುಸಿರು. ಸಿಲಿಂಡರ್ ತಿರುಗಿಸಿದರೆ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹುಡುಗನಿಗೆ, ಬ್ಯಾಗ್ ತೆಗೆಯಪ್ಪ ಬೇಗ ಎಂದೆ. ಅವನು ನನ್ನ ಮುಖವನ್ನೇ ನೋಡಿದ.

“ಯಾವ ಬ್ಯಾಗ್ ಅಣ್ಣ? ನಾನು ಸ್ಟ್ರೆಚರ್ ಹಿಡಿಯಲು ಬರುವವನು.”

ಇವನೇ ಅವರ ಸ್ಟಾಫ್! ನನ್ನ ಕೈಕಾಲು ಬಿದ್ದುಹೋದವು. ಓದಿದವನೆಂದು ಮನೆಯವರು ನನ್ನನ್ನೇ ಮುಂದೆ ಬಿಟ್ಟಿದ್ದರು. ಚಿಕ್ಕಮ್ಮನ ಮುಖ ನೋಡಲಾಗಲಿಲ್ಲ. ಮುಂದೆ ಡ್ರೈವರ್ ಫೋನಿನಲ್ಲಿ, “ಹಾವಿನ ಕೇಸು, ಅರ್ಧ ಗಂಟೆಯಲ್ಲಿ ತರುತ್ತೇನೆ” ಎನ್ನುತ್ತಿದ್ದ. ಚೀಟಿಯಲ್ಲಿ ಬರೆದಿದ್ದ ಸರ್ಕಾರಿ ಆಸ್ಪತ್ರೆಗಲ್ಲ, ಯಾವುದೋ ಖಾಸಗಿ ಆಸ್ಪತ್ರೆಗೆ! ಕೇಳಿದರೆ, “ಅಲ್ಲಿ ಬೆಡ್ ಇಲ್ಲ ಸಾರ್.” ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ಕೂಗಾಡಿದ ಮೇಲೆಯೇ ಸರಿಯಾದ ದಾರಿ ಹಿಡಿದ. ಅಲ್ಲಿ ಬೆಡ್ ಇತ್ತು. ಚಿಕ್ಕಪ್ಪ ಬದುಕಿದರು, ಆ ಗಾಡಿಯಿಂದಲ್ಲ.

ಸ್ಟ್ರೆಚರ್ ಇಳಿಸುವ ಮೊದಲೇ ಡ್ರೈವರ್ ಕೈ ಚಾಚಿದ. ಈಗ ₹7,000. “ಆಕ್ಸಿಜನ್ ಚಾರ್ಜ್ ಬೇರೆ, ಸ್ಟಾಫ್ ಚಾರ್ಜ್ ಬೇರೆ.” ಇಲ್ಲದ ಆಕ್ಸಿಜನ್ನಿಗೆ! ರಸೀದಿ ಕೇಳಿದರೆ, “ಎಮರ್ಜೆನ್ಸಿಯಲ್ಲಿ ಯಾರು ಸಾರ್ ರಸೀದಿ ಬರೆಯುತ್ತಾರೆ?” ಆಮೇಲೆ ಮಾಲೀಕನಿಗೆ ಫೋನ್ ಮಾಡಿದೆ. “ಜೀವ ಉಳಿಯಿತಲ್ಲ, ಇನ್ನೇನು ಬೇಕು ನಿಮಗೆ?” ಎಂದು ಕಟ್ ಮಾಡಿದ. ಅವನ ಈ ಮಾತು ಇನ್ನೂ ಉರಿಸುತ್ತಿದೆ. ಜೀವ ಉಳಿಯಿತಲ್ಲ ಅಂತೆ!

ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು 2024ರಲ್ಲಿ ಕರ್ನಾಟಕ ಸರ್ಕಾರ ಆದೇಶಿಸಿದೆ. ಎರಡು ಆಸ್ಪತ್ರೆಗಳ ನಡುವಿನ ದಾರಿಯಲ್ಲಿ ನಡೆಯುವುದನ್ನು ಯಾರು ಬರೆದುಕೊಳ್ಳುತ್ತಾರೆ?

2008ರಿಂದ ಇರುವ 108 ಉಚಿತ, ಅದರಲ್ಲಿ ತರಬೇತಾದ ಸಿಬ್ಬಂದಿ ಇರುತ್ತಾರೆ. ಅದು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು 108ರವರನ್ನೇ ಕೇಳಿ, ಗೇಟಿನವನನ್ನಲ್ಲ. ಖಾಸಗಿ ಗಾಡಿಯೇ ಗತಿಯಾದರೆ ಅದು ಯಾವ ದರ್ಜೆಯದು ಎಂದು ಕೇಳಿ. ಆಂಬುಲೆನ್ಸ್‌ಗಳಿಗೆ ದೇಶದಲ್ಲಿರುವ ಎಐಎಸ್-125 ಮಾನದಂಡದಲ್ಲಿ ‘ಬಿ’ ಎಂದರೆ ಬರೀ ರೋಗಿಯ ಸಾಗಣೆ. ‘ಸಿ’, ‘ಡಿ’ ದರ್ಜೆಯವುಗಳಲ್ಲಿ ಮಾತ್ರ ಜೀವರಕ್ಷಕ ಸಲಕರಣೆ ಇರಬೇಕು. ಸಿಲಿಂಡರ್ ತೆರೆದು ಮುಳ್ಳು ನೋಡಿ. ಅಂಬು ಬ್ಯಾಗ್ ಕೈಗೆ ಕೊಟ್ಟು, ಒತ್ತಿ ತೋರಿಸು ಎನ್ನಿ.

ಗಾಡಿಯ ನಂಬರ್ ಸಮೇತ ಆರ್‌ಟಿಒ ಕಚೇರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ದೂರು ಕೊಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ನೀವೂ ಕೊಡಿ. ನನ್ನದೊಂದೇ ಕಾಗದವಾದರೆ ಮೂಲೆಗೆ ಹಾಕುತ್ತಾರೆ.