ಜಿಮ್ ಚೆನ್ನಾಗಿದೆ, ಪರ್ಸನಲ್ ಟ್ರೈನಿಂಗ್ ಮಾತ್ರ ಬೇಡ

ಮನೆ ಹತ್ತಿರದ ಈ ಜಿಮ್‌ಗೆ ಮೂರು ತಿಂಗಳಿಂದ ಹೋಗುತ್ತಿದ್ದೇನೆ. ಮೆಷಿನ್‌ಗಳು ಹೊಸವು, ಟ್ರೆಡ್‌ಮಿಲ್‌ಗೆ ಕಾಯಬೇಕಿಲ್ಲ, ಬೆಳಿಗ್ಗೆ ಐದೂವರೆಗೇ ಬಾಗಿಲು ತೆಗೆಯುತ್ತಾರೆ. ಇಷ್ಟಕ್ಕೆ ಪೂರ್ತಿ ಅಂಕ.

ತೊಂದರೆ ಶುರುವಾಗಿದ್ದು ಪರ್ಸನಲ್ ಟ್ರೈನಿಂಗ್ ಪ್ಯಾಕೇಜ್ ತಗೊಂಡ ಮೇಲೆ. ಹಾಫ್ ಮ್ಯಾರಥಾನ್ ಓಡಬೇಕು, 21 ಕಿಲೋಮೀಟರ್, ಅದಕ್ಕೆ ತಯಾರಿ ಮಾಡಿಸಿ ಅಂತ ಕೇಳಿದ್ದೆ. ಎರಡನೇ ವಾರ ಟ್ರೈನರ್ ಒಂದು ಸ್ಟ್ರಿಪ್ ಮಾತ್ರೆ ಕೊಟ್ಟು, "ಫ್ಯಾಟ್ ಕರಗುತ್ತೆ, ಮಸಲ್ ಉಳಿಯುತ್ತೆ, ಎಲ್ಲರೂ ತಗೋತಾರೆ" ಅಂದರು. ಮೇಲೆ ಕ್ಲೆನ್‌ಬ್ಯುಟೆರಾಲ್ ಅಂತಿತ್ತು. ನಂಬಿ ನುಂಗಿದೆ. ಮಾರನೇ ದಿನ ಕಾಫಿ ಲೋಟ ಹಿಡಿದರೆ ಬೆರಳು ನಡುಗಿ ಕಾಫಿ ತುಳುಕಿ ಮಣಿಕಟ್ಟಿನವರೆಗೂ ಇಳಿಯಿತು, ಸ್ಕೂಟರ್ ಕೀ ಹಾಕೋಕೆ ಮೂರು ಸಲ ತಡಕಾಡಿದೆ, ರಾತ್ರಿ ದಿಂಬಿಗೆ ಕಿವಿ ಇಟ್ಟರೆ ನನ್ನದೇ ಎದೆಬಡಿತ ಕೇಳುತ್ತಿತ್ತು. ನಾಲ್ಕನೇ ದಿನ ಬಿಟ್ಟೆ. ಬಿಟ್ಟ ತಕ್ಷಣ ನಡುಕ ನಿಲ್ಲಲಿಲ್ಲ, ಇದರ ಅರ್ಧ ಭಾಗ ಮೈಯಿಂದ ಹೋಗೋಕೇ ಸುಮಾರು ಒಂದೂವರೆ ದಿನ ಬೇಕು.

ಡಾಕ್ಟರ್ ಬಿಡಿಸಿ ಹೇಳಿದರು. ಹೆದರಿದಾಗ ಸಿಂಪಥೆಟಿಕ್ ನರಗಳು, ಅಡ್ರಿನಲಿನ್ ಎಲ್ಲಾ ಸೇರಿ ಮೈಯನ್ನು ಓಟಕ್ಕೆ ಅಣಿ ಮಾಡುತ್ತವೆ ಅಲ್ವಾ, ಈ ಮಾತ್ರೆ ಅದನ್ನೇ ದಿನವಿಡೀ ಮಾಡಿಸುತ್ತೆ. ಅಡ್ರಿನಲಿನ್ ಬಂದು ಕೂರುವ ಬೀಟಾ-2 ರಿಸೆಪ್ಟರ್‌ಗಳು ಸ್ನಾಯುವಿನ ನಿಧಾನದ ಎಳೆಗಳಲ್ಲಿ, ಅಂದರೆ ನಿಧಾನವಾಗಿ ಬಿಗಿಯುವ ಎಳೆಗಳಲ್ಲಿ, ಜಾಸ್ತಿ. ಮಾತ್ರೆ ಅಲ್ಲಿ ಕೂತರೆ ಎಳೆಗಳು ಬಿಗಿದ ಮೇಲೆ ಬೇಗ ಸಡಿಲವಾಗುತ್ತವೆ, ಒಂದು ಸೆಳೆತ ಇನ್ನೊಂದಕ್ಕೆ ಸರಿಯಾಗಿ ಕೂಡಿಕೊಳ್ಳೋದಿಲ್ಲ, ಕೈ ನಡುಗುತ್ತೆ.

ನನಗೆ ಹೊಟ್ಟೆ ಉರಿದಿದ್ದು ಮುಂದಿನ ಮಾತಿಗೆ. ದೂರ ಓಡುವವರಿಗೆ ಬೇಕಾದದ್ದೇ ಆ ನಿಧಾನದ ಎಳೆಗಳು, ಬೇಗ ಸುಸ್ತಾಗದವು. ಇಲಿಗಳಿಗೆ ವಾರಗಟ್ಟಲೆ ಈ ಔಷಧಿ ಕೊಟ್ಟು ನೋಡಿದ್ದಾರೆ. ಸ್ನಾಯು ದಪ್ಪವಾಯಿತು ನಿಜ, ಆದರೆ ನಿಧಾನದ ಎಳೆಗಳು ವೇಗದ ಎಳೆಗಳಾಗಿ ಬದಲಾಗತೊಡಗಿದವು, ಓಡುವ ತಾಕತ್ತು ಕುಗ್ಗಿತು. ನಾನು ಕೇಳಿದ್ದಕ್ಕೆ ಪೂರ್ತಿ ಉಲ್ಟಾ! ಜೊತೆಗೆ ಕ್ರೀಡೆಯಲ್ಲಿ ಇದು ನಿಷೇಧಿತ, ಸೈಕಲ್ ಸವಾರ ಆಲ್ಬರ್ಟೊ ಕಾಂಟಡಾರ್ 2010ರ ಟೂರ್ ಡಿ ಫ್ರಾನ್ಸ್ ಪಟ್ಟ ಕಳೆದುಕೊಂಡಿದ್ದು ಇದರಿಂದಲೇ. ಕೇಳದೆ ಕೊಟ್ಟ ಟ್ರೈನರ್‌ಗೆ ಇದೆಲ್ಲ ಗೊತ್ತಿರಬೇಕಿತ್ತು.

ಪ್ಯಾಕೇಜ್ ದುಡ್ಡು ವಾಪಸ್ ಬರಲಿಲ್ಲ. ಈಗ ಸಾಮಾನ್ಯ ಮೆಂಬರ್‌ಶಿಪ್ ಅಷ್ಟೇ ಇದೆ. ಬೆಳಗಿನ ಪಾಳಿಯ ಇನ್ನೊಬ್ಬ ಟ್ರೈನರ್ ಮಾತ್ರೆ ಸುದ್ದಿಯೇ ಎತ್ತಲ್ಲ, ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನವಾಗಿ, ಆದರೆ ಜಾಸ್ತಿ ಹೊತ್ತು ಓಡಿ ಅಂತಾರೆ. ಸೇರೋದಾದರೆ ಆ ಪಾಳಿಗೆ ಸೇರಿ. ಹೋದ ಭಾನುವಾರ ನಾನು 14 ಕಿಲೋಮೀಟರ್ ಓಡಿದೆ.